ನಾಲ್ಕು ಬಗೆಯ ರಮ್ಮು

ಸೋಮಯ್ಯ ದೋಣಿಗಲ್ಲಿನ ನೆವಿಲ್ ಸಾಹುಕಾರರ ಎಸ್ಟೇಟಿನಲ್ಲಿ ಇಪ್ಪತ್ತಾರು ವರ್ಷದಿಂದ ರೈಟರು. ಆಳುಗಳ ಹಾಜರಿ ಹಾಕುವುದು, ಕಾಫಿ ಹಣ್ಣು ತೂಗಿಸುವುದು ಅವನ ಕೆಲಸ. ಆ ದಿನ ಬೆಳಿಗ್ಗೆ ಸಾಹುಕಾರರ ಮಗಳು ಟೀನಾ ಅವನನ್ನು ಬಂಗಲೆಗೆ ಕರೆಸಿ ನಾಲ್ಕು ಬಗೆಯ ರಮ್ಮು ತುಂಬಿದ ಗಾಜಿನ ಜಗ್ಗು ತೋರಿಸಿ, ಯಾವುದಕ್ಕೆ ಏನು ಬೆರೆಸಿ ಕೊಡಬೇಕೆಂದು ಹೇಳಿದಳು. ನಿಂಬೆ, ಪುದೀನದ ಜೊತೆಗೆ ಬಿಳಿ ರಮ್ಮು, ಶುಂಠಿ ಶರಬತ್ತಿಗೆ ಹೊಂಬಣ್ಣದ್ದು, ತಣ್ಣನೆಯ ಕಾಫಿಗೆ ಕಪ್ಪು, ಹನ್ನೆರಡು ವರ್ಷದ ಹಳೆಯದಕ್ಕೆ ಮಾತ್ರ ಏನನ್ನೂ ಬೆರೆಸುವಂತಿಲ್ಲ.

ಮಧ್ಯಾಹ್ನದ ಊಟಕ್ಕೆ ವನಗೂರಿನ ಲಾಜರಸ್ ಬರುವವರಿದ್ದರು. ಅವರ ಮಗನಿಗೂ ಟೀನಾಳಿಗೂ ಮದುವೆಯ ಮಾತು ನಡೆದಿತ್ತು. ಹುಡುಗ ಹುಡುಗಿ ಒಪ್ಪಿಯಾಗಿತ್ತು, ಒಪ್ಪಬೇಕಾದವರು ಲಾಜರಸ್ ಒಬ್ಬರೇ. ಅವರು ಮೂಸಿ ನೋಡಿಯೇ ರಮ್ಮಿನ ವಯಸ್ಸು ಹೇಳುತ್ತಾರೆಂದೂ, ತಪ್ಪು ರಮ್ಮು ಕೊಟ್ಟ ಮನೆಯಿಂದ ಉಣ್ಣದೆ ಎದ್ದು ಬಂದಿದ್ದರೆಂದೂ ಜನ ಹೇಳುತ್ತಿದ್ದರು. ಸೋಮಯ್ಯ ಹುಟ್ಟಿದಾಗಿನಿಂದ ಒಂದು ತೊಟ್ಟು ಕುಡಿದವನಲ್ಲ. ಅವನ ಕೈಯಲ್ಲಾದರೆ ಜಗ್ಗು ಖಾಲಿಯಾಗುವುದಿಲ್ಲ ಎಂದು ಸಾಹುಕಾರರೇ ಅವನನ್ನು ಆರಿಸಿದ್ದರು.

ಅವನು ಪುದೀನ ಕೀಳಲು ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಯ ಚಿನ್ನಮ್ಮ ಕಪ್ಪು ರಮ್ಮನ್ನಷ್ಟೂ ಕೇಕಿನ ಹಿಟ್ಟಿಗೆ ಸುರಿದುಕೊಂಡಿದ್ದಳು. ಅವಳೊಂದಿಗೆ ವಾದ ಮುಗಿಸಿ ಬಂದರೆ, ಜೀಪಿನ ಡ್ರೈವರ್ ಧರ್ಮ ಹಳೆಯ ರಮ್ಮಿಗೆ ಬಿಸಿನೀರು, ಮೆಣಸಿನ ಪುಡಿ ಹಾಕಿ ಕುಡಿದು ಮುಗಿಸಿ, ಹೊಳೆ ದಾಟಿದ ಎಮ್ಮೆಯಂತೆ ನೆಮ್ಮದಿಯಾಗಿ ಕೂತಿದ್ದ. ನೆಗಡಿಗೆ ಒಳ್ಳೆಯದೆಂದ. ನೆಗಡಿ ಎಲ್ಲಿದೆ ಎಂದು ಕೇಳಿದ್ದಕ್ಕೆ, ಬಂದರೂ ಬರಬಹುದು ಎಂದ. ಅಷ್ಟರಲ್ಲಿ ಸಾಹುಕಾರರ ಹೆಂಡತಿ ರೋಸಲಿನ್, ಬಿಳಿ ರಮ್ಮನ್ನು ನೀರೆಂದು ತಿಳಿದು ಮೂರು ಹೂದಾನಿಗಳಿಗೆ ತುಂಬಿಸಿಬಿಟ್ಟಿದ್ದರು.

ಉಳಿದದ್ದು ಹೊಂಬಣ್ಣದ್ದೊಂದೇ. ಸೋಮಯ್ಯ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ಸಂಬಂಧ ಮುರ್ದೋಯ್ತದಾ ಸೋಮಣ್ಣ?" ಎಂದು ಧರ್ಮ ಕೇಳಿದ.

"ಅದು ಗೊತ್ತಿಲ್ಲ ಕಣೋ. ನನ್ ಸೊಂಟ ಆಗ್ಲೇ ಮುರ್ದೈತೆ."

ಗೇಟಿನಲ್ಲಿ ಕಾರಿನ ಸದ್ದಾಯಿತು. ಸೋಮಯ್ಯ ಎದ್ದು, ಅದೊಂದೇ ರಮ್ಮನ್ನು ನಾಲ್ಕು ಪಾಲು ಮಾಡಿದ. ಒಂದಕ್ಕೆ ನೀರು, ನಿಂಬೆ, ಪುದೀನ, ಒಂದಕ್ಕೆ ಶುಂಠಿ, ಒಂದಕ್ಕೆ ಗಟ್ಟಿ ಡಿಕಾಕ್ಷನ್. ಹಳೆಯದೆನ್ನಬೇಕಾದ್ದಕ್ಕೆ ಚೂರು ಬೆಲ್ಲವನ್ನು ಕಪ್ಪಗೆ ಸುಟ್ಟು ಕದಡಿದ.

ಲಾಜರಸ್ ಒಂದೊಂದನ್ನೂ ಬೆಳಕಿಗೆ ಹಿಡಿದು, ಮೂಸಿ, ಕಣ್ಣು ಮುಚ್ಚಿ ಗುಟುಕರಿಸಿದರು. ಟೀನಾ ಸೆರಗಿನ ತುದಿ ಹಿಂಡುತ್ತಿದ್ದಳು. ನಾಲ್ಕನೆಯದನ್ನು ಕೆಳಗಿಟ್ಟು ಅವರು, ಇಷ್ಟು ಸರಿಯಾಗಿ ಹೊಂದಿಸಿದ್ದನ್ನು ತಾನು ಕಂಡೇ ಇಲ್ಲ, ಹಳೆಯದರಲ್ಲಿ ಓಕ್ ಮರದ ಪೀಪಾಯಿಯ ಘಮವೇ ಇದೆ ಎಂದರು. ಮದುವೆ ನಿಶ್ಚಯವಾಯಿತು.

ಊಟವಾದ ಮೇಲೆ ಲಾಜರಸ್ ಸೋಮಯ್ಯನನ್ನು ಜಗಲಿಯ ಕೊನೆಗೆ ಕರೆದೊಯ್ದರು. ಗುಟ್ಟು ಬಯಲಾಯಿತೆಂದೇ ಅವನು ತಿಳಿದ.

"ಯಾರಿಗೂ ಹೇಳ್ಬೇಡ ಮಾರಾಯ," ಎಂದರು ಅವರು ಮೆಲ್ಲಗೆ. "ಕೋವಿಡ್ ಬಂದು ಹೋದ ಮೇಲೆ ನಂಗೆ ವಾಸನೆಯೂ ಇಲ್ಲ, ರುಚಿಯೂ ಇಲ್ಲ. ಬಣ್ಣ ನೋಡಿ ಹೇಗೋ ಬಚಾವಾಗ್ತಿದ್ದೀನಿ. ಇನ್ಮೇಲೆ ಎಲ್ಲಾ ಪಾರ್ಟಿಗೂ ನೀನು ನನ್ನ ಪಕ್ಕ ಇರ್ಬೇಕು. ರುಚಿ ನೋಡಿ, ಯಾವುದು ಏನು ಅಂತ ಕಿವೀಲಿ ಹೇಳಿದ್ರೆ ಸಾಕು. ಕಾರಣ ಹೇಳ್ದೆ ನೆವಿಲ್‌ರನ್ನ ಕೇಳಿದ್ದೀನಿ, ಒಪ್ಪಿದ್ದಾರೆ, ಪ್ರತಿ ಭಾನುವಾರ ನಿನ್ನ ಕಳಿಸ್ತಾರೆ."

ತನಗೆ ರಮ್ಮಿನ ರುಚಿಯೇ ಗೊತ್ತಿಲ್ಲವೆಂದು ಹೇಳಲು ಸೋಮಯ್ಯ ಬಾಯಿ ತೆರೆದ. ಹೇಳಿದರೆ ಒಂದೇ ರಮ್ಮಿನ ಗುಟ್ಟು ಬಯಲಾಗಿ ಟೀನಾಳ ಮದುವೆ ನಿಲ್ಲುತ್ತದೆ. ಬಾಯಿ ಮುಚ್ಚಿಕೊಂಡ.

ವಾರಕ್ಕೆ ಅವನಿಗಿದ್ದದ್ದು ಆ ಭಾನುವಾರದ್ದೊಂದೇ ರಜೆ.