ತಂಬಾಕು ಬಿಟ್ಟ ಚಿಲುಮಿ

ಅತ್ತಾರ ಅಂಗಡಿಯಲ್ಲಿ ಕೂತವರು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ, ಗಿರಾಕಿಯೇ ನಗುವನ್ನು ಹೊತ್ತು ತರುತ್ತಾನೆ. ಬೈಲಹೊಂಗಲದ ಬಜಾರಿನಲ್ಲಿ ನಮ್ಮದು ಹಳೇ ಅಂಗಡಿ. ಬೇರು, ತೊಗಟೆ, ಒಣಗಿದ ಎಲೆ, ಅತ್ತರು, ಊದುಬತ್ತಿ ಮಾರುತ್ತೇವೆ. ಇಲ್ಲಿಗೆ ಬರುವವರು ಯಾರೂ ತಮಗೇನಾಗಿದೆ ಅಂತ ನೆಟ್ಟಗೆ ಹೇಳುವುದಿಲ್ಲ. ಮೂಲವ್ಯಾಧಿಯಿಂದ ಹಿಡಿದು ಹೊಸದಾಗಿ ಮದುವೆಯಾದವರ ಅಂಜಿಕೆಯವರೆಗೆ ಎಲ್ಲವೂ ‘ನಮ್ಮ ದೋಸ್ತಗ’ ಆಗಿರುತ್ತದೆ. ಆ ದೋಸ್ತ ಯಾರೋ ಪಾಪ, ಇಷ್ಟು ರೋಗ ಹೊತ್ತುಕೊಂಡು ಇನ್ನೂ ಬದುಕಿದ್ದಾನೆ.

ಈಗ ಅಂಗಡಿಯಲ್ಲಿ ನಾನೇ ಕೂರುತ್ತೇನೆ. ಕೆಲ ವರ್ಷಗಳ ಹಿಂದೆ ಅಬ್ಬಾ ತಕ್ಕಡಿ ಹಿಡಿದು ಕೂರುತ್ತಿದ್ದರು, ಮಗಳಾದ ನಾನು ಪಕ್ಕದಲ್ಲಿ ಪೊಟ್ಟಣ ಕಟ್ಟುತ್ತಿದ್ದೆ. ಆಗ ಬರುತ್ತಿದ್ದವರಲ್ಲಿ ಒಬ್ಬರಂತೂ ಮನಸ್ಸಿನಿಂದ ಹೋಗುವುದೇ ಇಲ್ಲ. ನೇಸರಗಿಯ ಭಜನಾ ಮೇಳದಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದ ಅಜ್ಜ ಅವರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತಾರೆ, ಹಾಗಾಗಿ ಎಲ್ಲರಿಗೂ ಅವರು ಪೇಟಿ ಮಾಸ್ತರ.

ಡಾಕ್ಟರು ಕೇಳಲಿಲ್ಲ

ಒಂದು ಸಂತೆಯ ದಿನ ಪೇಟಿ ಮಾಸ್ತರು ಕೆಮ್ಮುತ್ತಾ ಬಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ಅವರು ಕೆಮ್ಮುವುದನ್ನು ಕೇಳಿದರೆ ನಮ್ಮ ಎದೆಯೇ ನೋಯುತ್ತಿತ್ತು. ಸ್ವಲ್ಪ ಸುಧಾರಿಸಿಕೊಂಡು, “ಅತ್ತಾರ ಸಾಬ್ರ, ತಂಬಾಕ ಬಿಟ್ಟೇನ್ರಿ” ಅಂದರು.

ಅಬ್ಬಾಗೆ ಖುಷಿಯಾಯಿತು. “ಮಾಶಾಅಲ್ಲಾ! ಹೆಂಗ ಬಿಟ್ರಿ?”

“ಡಾಕ್ಟರ ಹೇಳಿದ್ರು. ಇನ್ನೊಂದ ದಮ್ಮ ತಂಬಾಕ ಎಳದ್ರ ಪದಾ ಹಾಡೂದು ಮರತಬಿಡು, ಉಸರೂ ಉಳಿಯೂದಿಲ್ಲ ಅಂದ್ರು. ಹಾಡೂದ ಬಿಟ್ಟ ನಾ ಹೆಂಗ ಇರ್ಲಿ? ಅದಕ್ಕ ಬಿಟ್ಟೆ.” ಆಮೇಲೆ ಆಚೀಚೆ ನೋಡಿ ದನಿ ಇಳಿಸಿದರು. “ಆದ್ರ ಚಿಲುಮ್ಯಾಗ ತಂಬಾಕ ಒಂದs ಇರ್ತಿರಲಿಲ್ಲಲ್ರಿ. ಅದರ ಜೋಡಿ ಇನ್ನೊಂದ ಇತ್ತು. ಪಾಪ, ಅದೀಗ ಒಂಟಿ ಆಗೇತಿ. ಅದಕ್ಕ ತಕ್ಕ ಜೋಡಿ ನೋಡ್ರಿ ಏನರ.”

ಮಾಸ್ತರು ಗಾಂಜಾಕ್ಕೆ ವರ ಹುಡುಕುತ್ತಿದ್ದರು.

ಅಬ್ಬಾ ಮುಖ ಗಂಟಿಕ್ಕಿದರು. “ಅದರ ಮಾತ ನನ್ನ ಅಂಗಡ್ಯಾಗ ಬ್ಯಾಡ. ಕೆಮ್ಮಿಗೆ ಆಡುಸೋಗಿ ಎಲಿ, ಜೇಷ್ಠಮಧು ಕೊಡತೇನಿ. ಕುದಿಸಿ ಕುಡೀರಿ. ಅದಿರ್ಲಿ, ಆ ಇನ್ನೊಂದರ ಬಗ್ಗೆ ಡಾಕ್ಟರ ಏನಂದ್ರು?”

“ಅವರು ಕೇಳಲಿಲ್ಲ” ಅಂದರು ಮಾಸ್ತರು. “ದೊಡ್ಡವರು ಕೇಳದ ಮಾತ ನಾವಾಗಿ ಹೇಳಬಾರದು ಅಂತ ನಮ್ಮವ್ವ ಕಲಿಸ್ಯಾಳ.”

ಬಜಿ ಎಲ್ಲಿ?

ಕುದಿಸಿ ಕುಡಿಯಿರಿ ಅಂತ ಕೊಟ್ಟ ಎಲೆಯನ್ನು ಮಾಸ್ತರು ಒಲೆಯ ಮೇಲೆ ಇಡಲೇ ಇಲ್ಲ, ಚಿಲುಮಿಗೆ ತುಂಬಿದರು. ಮರುವಾರ ಬಂದು ತಾವೇ ಒಪ್ಪಿಕೊಂಡರು. “ನಾಲ್ಕ ದಮ್ಮ ಎಳದೆ ನೋಡ್ರಿ, ನಮ್ಮ ಮೇಳದ ತಬಲಾದವ ಎದ್ದು ಮನಿ ಹಿಂದ ಹೋಗಿ ಬಂದ. ಯಾರೋ ಚಪ್ಪಲಿ ಸುಡಾಕತ್ತಾರ ಅಂದ.”

ಅಬ್ಬಾ ಬೈದರು. “ಮಾಸ್ತರ, ಹೊಗಿಗೆ ಜಾತಿ ಇಲ್ಲ. ತಂಬಾಕದ್ದಿರಲಿ, ಔಷಧದ್ದಿರಲಿ, ಎದಿಯೊಳಗ ಹೋದ್ರ ಎಲ್ಲಾ ಮಸಿನ.”

ಮಾಸ್ತರು ತಲೆಯಾಡಿಸಿದರು. ಹೋಗುವಾಗ ಹೊಟ್ಟೆ ಉಬ್ಬರಕ್ಕೆ ಬೇಕು ಅಂತ ಒಂದು ಪೊಟ್ಟಣ ಅಜವಾನ, ಅಂದರೆ ಓಂಕಾಳು, ಕೇಳಿದರು. ಹೊಟ್ಟೆಗೆ ಅಂದಮೇಲೆ ಅಬ್ಬಾ ಕೊಡದೆ ಏನು ಮಾಡುತ್ತಾರೆ?

ಎರಡು ದಿನ ಬಿಟ್ಟು ಮಾಸ್ತರ ಹೆಂಡತಿ ಬಂದರು. ಅಜ್ಜಿಯ ತವರು ಉಗರಗೋಳ. ಎಲ್ಲಮ್ಮನ ಗುಡ್ಡಕ್ಕೆ ಬರುವ ಭಕ್ತರಿಗೆ ಕುಂಕುಮ, ಭಂಡಾರ ಮಾರಿ ಬೆಳೆದ ಹೆಂಗಸು, ಮಾತಿನಲ್ಲಿ ಸೋಲುವ ಪೈಕಿ ಅಲ್ಲ. ಬಂದವರೇ ಅಬ್ಬಾನ ಎದುರು ಸೊಂಟದ ಮೇಲೆ ಕೈ ಇಟ್ಟು ನಿಂತರು.

“ಸಾಬ್ರ, ಅವರಿಗೆ ಅಜವಾನ ಕೊಟ್ಟವರು ನೀವs ಏನು?”

“ಹೊಟ್ಟಿಗೆ ಅಂದ್ರವ್ವಾ.”

“ಹೊಟ್ಟಿಗೆ ಹೋಗಿದ್ರ ಚಲೋ ಇತ್ತು. ಸಂಜಿಮುಂದ ಪಡಸಾಲ್ಯಾಗ ಕುಂತು ಚಿಲುಮಿ ಹಚ್ಚಿದ್ರು. ಓಣಿ ತುಂಬ ಬಜಿ ಕರದಂಗ ವಾಸನಿ! ಮೊದಲ ಬಾಜೂ ಮನಿಯಾಕಿ ಬಂದ್ಲು. ಆಮ್ಯಾಲ ಮೇಳದವರೆಲ್ಲಾ ಬಂದು ಸಾಲ ಹಿಡದ ಕುಂತ್ರು. ಯಾರೂ ಬಾಯಿಬಿಟ್ಟ ಕೇಳವಲ್ರು, ಎದ್ದೂ ಹೋಗವಲ್ರು. ಒಳಗಿನ ಬಾಗಲಾ ನೋಡಕೋತ ಕುಂತಾರ!”

“ಮತ್ತ ಏನ ಮಾಡಿದ್ರಿ?”

“ಏನ ಮಾಡ್ಲಿ? ಮನಿ ಮರ್ಯಾದಿ ಪ್ರಶ್ನಿ. ಅವರು ಹೊಗಿ ಬಿಟ್ರು, ನಾ ಬಜಿ ಕರದೆ.”

ಖಾತ್ರಿ ಆತು

ನಾನು ಮತ್ತು ಅಬ್ಬಾ ಒಮ್ಮೆ ಸರಕು ತರಲು ಹೋಗಿ ಕಿತ್ತೂರಿನಿಂದ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಅಲ್ಲಿ ಭಜನೆ ಮುಗಿಸಿದ ಪೇಟಿ ಮಾಸ್ತರು ಅದೇ ಬಸ್ಸು ಹತ್ತಿ ನಮ್ಮ ಪಕ್ಕದ ಸೀಟಿನಲ್ಲೇ ಕೂತರು. ಮಡಿಲಲ್ಲಿ ಪೇಟಿ, ಹಣೆಯ ತುಂಬಾ ವಿಭೂತಿ. ದಾರಿಯಲ್ಲಿ ಒಂದು ಕಡೆ ಬಸ್ಸು ನಿಲ್ಲಿಸಿ ಒಬ್ಬ ಪೊಲೀಸ್ ಪೇದೆ ಹತ್ತಿದ. ಹೊಸ ಹುಮ್ಮಸ್ಸಿನ ತರುಣ. ಗಾಂಜಾ ಸಾಗಿಸುತ್ತಾರೆಂಬ ಸುದ್ದಿ ಬಂದಿದೆ ಅಂತ ಹೇಳಿ ಒಂದೊಂದೇ ಚೀಲ ನೋಡುತ್ತಾ ಬಂದ.

ನಮ್ಮ ಚೀಲ ಬಿಚ್ಚಿದವನ ಕಣ್ಣು ಅರಳಿತು. ಚೀಲದ ತುಂಬ ಹಸಿರು ಬಣ್ಣದ ಒಣ ಎಲೆ.

“ಏನಿದು?”

“ಸೋನಾಮುಖಿ ರೀ. ಔಷಧದ ಎಲಿ.”

“ಎಲ್ಲಾರೂ ಹಿಂಗs ಹೇಳತಾರ.” ಪೇದೆ ಒಂದು ಹಿಡಿ ಎತ್ತಿ ಮೂಸಿದ. ವಾಸನೆಯಿಂದ ಗೊತ್ತಾಗಲಿಲ್ಲ. ಬಾಯಿಗೆ ಹಾಕಿಕೊಂಡು ಅಗಿಯತೊಡಗಿದ.

ಅಬ್ಬಾ ಗಾಬರಿಯಾದರು. “ಸಾಹೇಬ್ರ, ತಿನ್ನಬ್ಯಾಡ್ರಿ! ಅದು...”

“ಸುಮ್ಮ ಕುಂದರ್ರಿ. ನನಗ ಕಲಸಾಕ ಬರಬ್ಯಾಡ್ರಿ.” ಇನ್ನೂ ಅನುಮಾನ ಹೋಗದೆ ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಡೆಗೆ ಮುಖ ಕಿವುಚಿ ಚೀಲ ಕಟ್ಟಿಕೊಟ್ಟ. ಮಾಸ್ತರ ವಿಭೂತಿ ನೋಡಿ ಕೈಮುಗಿದ, ಅವರ ಚೀಲ ಮುಟ್ಟಲೇ ಇಲ್ಲ. ಬಸ್ಸು ಹೊರಟ ಮೇಲೂ ಮಾಸ್ತರು ಪೇಟಿಯನ್ನು ಬಿಗಿಯಾಗಿ ಅಪ್ಪಿಕೊಂಡೇ ಕೂತಿದ್ದರು. ಆ ಚೀಲದಲ್ಲಿ ಏನಿತ್ತು ಅಂತ ಅಬ್ಬಾ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಸೋನಾಮುಖಿ ಏನು ಮಾಡುತ್ತದೆ ಅಂತ ಮಲಬದ್ಧತೆ ಇರುವವರಿಗೆ ಹೇಳಬೇಕಾಗಿಲ್ಲ. ನಾಲ್ಕು ದಿನದ ನಂತರ ಅದೇ ಪೇದೆ ನಮ್ಮ ಅಂಗಡಿ ಹುಡುಕಿಕೊಂಡು ಬಂದ. ಗಲ್ಲ ಒಳಗೆ ಹೋಗಿತ್ತು, ಮಾತು ಮೆತ್ತಗಾಗಿತ್ತು.

“ಚಾಚಾ, ಅದು ಗಾಂಜಾ ಅಲ್ಲಂತ ಖಾತ್ರಿ ಆತ್ರಿ” ಅಂದ. “ಒಂದs ದಿನದಾಗ ಏಳ ಸಲ ಖಾತ್ರಿ ಆತು.”

ಮೂಗಿನ ಆಣೆ

ಇನ್ನೊಬ್ಬರಿಗೆ ಬುದ್ಧಿ ಹೇಳುತ್ತಿದ್ದ ನಮ್ಮ ಅಬ್ಬಾಗೆ ನಶ್ಯದ ಚಟವಿತ್ತು. ನಶ್ಯವೂ ತಂಬಾಕೇ ಅಲ್ಲವೇ ಅಂತ ನಾನು ಕೇಳಿದರೆ, “ಇದಕ್ಕ ಹೊಗಿ ಎಲ್ಲೈತಿ?” ಅನ್ನುತ್ತಿದ್ದರು.

ಸವದತ್ತಿಯಲ್ಲಿ ಅಜ್ಜಿಯ ತಮ್ಮ ಹೊಸ ಮನೆ ಕಟ್ಟಿಸಿದ್ದ. ಊಟಕ್ಕೆ ನಮ್ಮನ್ನೂ ಕರೆದಿದ್ದರು. ಹೋಳಿಗೆ ಉಂಡು ಕೂತಾಗ ಅಬ್ಬಾ ಮೆಲ್ಲಗೆ ಡಬ್ಬಿ ತೆಗೆದು ಮೂಗಿಗೆ ಏರಿಸಿದ್ದನ್ನು ಅಜ್ಜಿ ನೋಡಿಬಿಟ್ಟರು. “ಓಹೋ! ನಮ್ಮವರ ಬಾಯಿ ಕಟ್ಟಿ ನೀವು ಮೂಗ ತೆರಕೊಂಡ ಕುಂತೀರೇನು?” ಅಂತ ಎಲ್ಲರ ಮುಂದೆ ಹಿಡಿದರು. ನೆರೆದ ಮಂದಿ ನಕ್ಕಿತು. ಅಬ್ಬಾಗೆ ನಾಚಿಕೆಯಾಯಿತು, ನಿಂತ ಕಾಲಲ್ಲೇ ಆಣೆ ಹಾಕಿ ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟರು.

ಆಣೆ ಹಾಕಿದಷ್ಟು ಸುಲಭವಾಗಿ ಚಟ ಬಿಡಲಿಲ್ಲ. ವಾರಗಟ್ಟಲೆ ಅಬ್ಬಾನ ಕೈ ಸುಮ್ಮನೆ ಜೇಬಿಗೆ ಹೋಗಿ ಬರುತ್ತಿತ್ತು. ಕಡೆಗೆ ತುಳಸಿ, ಮೆಣಸು ಕೂಡಿಸಿ ಕುಟ್ಟಿದ ಪುಡಿ ಮೂಸಿ ನೋಡಿದರು. ಅವತ್ತು ತಕ್ಕಡಿಯಲ್ಲಿ ಅರಿಶಿನ ತೂಗುತ್ತಿದ್ದರು. ಸೀನು ಬಂತು ನೋಡಿ! ಎದುರಿಗಿದ್ದ ಗಿರಾಕಿ ಅಡಿಯಿಂದ ಮುಡಿವರೆಗೆ ಹಳದಿಯಾದ. “ತೂಕ ಸರೀನ ಐತಲ್ರಿ?” ಅಂತ ಅಬ್ಬಾ ಕೇಳಿದರೆ, ಗಿರಾಕಿ ಕಣ್ಣು ಒರೆಸಿಕೊಂಡು, “ನನ್ನನ್ನ ತೂಗಿ ನೋಡ್ರಿ” ಅಂದ.

ಅಬ್ಬಾ ಹೋಗಿ ಈಗ ಕೆಲವು ವರ್ಷಗಳಾದವು. ಕೊನೆಯವರೆಗೂ ನಶ್ಯ ಮುಟ್ಟಲಿಲ್ಲ. ಈಗಲೂ ಅರಿಶಿನ ತೂಗುವಾಗ ನಾನು ಉಸಿರು ಬಿಗಿ ಹಿಡಿಯುತ್ತೇನೆ.

ಭಾಳ ಜೋರ ಐತಿ

ಅಬ್ಬಾ ನಶ್ಯ ಬಿಟ್ಟ ಆ ದಿನಗಳಲ್ಲೂ ಮಾಸ್ತರು ಚಿಲುಮಿ ಬಿಡಲಿಲ್ಲ. ತಂಬಾಕಿಲ್ಲದೆ ಬರೀ ಗಾಂಜಾ ಎಳೆಯುತ್ತಿದ್ದರು. ಕೆಮ್ಮು ಮತ್ತೆ ಹೆಚ್ಚಾಯಿತು. ಒಂದು ದಿನ ಅಬ್ಬಾ ಮಸೀದಿಗೆ ಹೋಗಿದ್ದ ಹೊತ್ತು ನೋಡಿ ಅಜ್ಜಿ ಬಂದರು. ಆವತ್ತು ಸೊಂಟದ ಮೇಲೆ ಕೈ ಇರಲಿಲ್ಲ, ಕಣ್ಣಲ್ಲಿ ನೀರಿತ್ತು.

“ಮಗಳ, ಮೊನ್ನಿ ಒಂದ ಪದಾ ಪೂರಾ ಹಾಡಾಕ ಆಗಲಿಲ್ಲ ಅವರಿಗೆ. ನಡಕ್ಕ ನಿಂತ್ರು. ಅವರು ಹಾಡೂದ ನಿಂತ್ರ ಬದುಕೂದಿಲ್ಲವಾ. ಕಣ್ಣಿಗೆ ಅದರಂಗ ಕಾಣಬೇಕು, ಆದ್ರ ಅದಾಗಿರಬಾರದು. ಅಂಥಾದ್ದೇನರ ಐತೇನು?”

ನಾನು ಒಣಗಿದ ಪುದೀನಾ ಸೊಪ್ಪನ್ನು ಕೈಯಲ್ಲಿ ತಿಕ್ಕಿ ತೋರಿಸಿದೆ. ನೋಡಲು ಥೇಟ್ ಅದೇ. ಅಜ್ಜಿ ಮನೆಗೆ ಹೋಗಿ ಮಾಸ್ತರ ಚೀಲದಲ್ಲಿದ್ದದ್ದನ್ನು ಒಲೆಗೆ ಹಾಕಿ ಪುದೀನಾ ತುಂಬಿದರು. ವಾಸನೆಯಿಂದ ಸಿಕ್ಕಿಬೀಳುತ್ತೇವೆ ಅಂತ ನನಗೆ ಭಯವಿತ್ತು. ಆದರೆ ಅಷ್ಟು ವರ್ಷ ಹೊಗೆ ಕುಡಿದ ಮೂಗಿಗೆ ಪುದೀನಾ ಯಾವುದು, ಪುಂಡಿಪಲ್ಲೆ ಯಾವುದು?

ಹದಿನೈದು ದಿನ ಆಯಿತು. ಮಾಸ್ತರು ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ಭಜನೆ ಮುಗಿಸಿ ನೆಟ್ಟಗೆ ನಮ್ಮ ಅಂಗಡಿಗೆ ಬಂದರು. ಮುಖ ಬೆಳಗುತ್ತಿತ್ತು.

“ಸಾಬ್ರ, ನಿಮ್ಮ ಎಲಿ, ಬೇರು ಎಲ್ಲಾ ಹೊಳಿಗೆ ಹಾಕ್ರಿ! ಈ ಸಲ ನನಗ ಸಿಕ್ಕಿದ್ದು ಭಾಳ ಜೋರ ಐತಿ. ಒಂದ ದಮ್ಮಿಗೆ ನೆಲಾ ಬಿಟ್ಟ ಗೇಣ ಮ್ಯಾಲ ಹೋಗತೇನಿ. ತಬಲಾದವನೂ ಒಂದ ದಮ್ಮ ಎಳದ, ಸತ್ತ ಹೋದ ತನ್ನ ಎತ್ತ ಕಂಡ ಗಳಗಳ ಅತ್ತ. ಸುರೇಬಾನದಾಗ ಹದಿಮೂರ ಪದಾ ಹಾಡೇನಿ, ಒಮ್ಮಿನೂ ಕೆಮ್ಮಿಲ್ಲ!” ಅಂತ ಹೇಳಿ ಒಂದು ಚಿಟಿಕೆ ತೆಗೆದು ಅಬ್ಬಾನ ಮೂಗಿಗೆ ಹಿಡಿದರು. “ಸುಮ್ಮ ವಾಸನಿ ನೋಡ್ರಿ, ಸಾಕು.”

ನನ್ನ ಕೈಯಲ್ಲಿದ್ದ ಪೊಟ್ಟಣ ಜಾರಿತು. ಕಣ್ಣು ಕಟ್ಟಿ ನೂರು ಎಲೆ ಕೊಟ್ಟರೂ ನೂರರ ಹೆಸರು ಹೇಳುವ ಮನುಷ್ಯ ಅಬ್ಬಾ. ಮೂಸಿದರು. ನಿಧಾನಕ್ಕೆ ತಿರುಗಿ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಜನ್ಮದಲ್ಲಿ ಗಿರಾಕಿಗೆ ಸುಳ್ಳು ಹೇಳದ ನಮ್ಮ ಅಬ್ಬಾ ಕಣ್ಣು ಮುಚ್ಚಿ, ಗೋಡೆ ಹಿಡಿದುಕೊಂಡು, ಒಂದು ಸಲ ಓಲಾಡಿದರು.

“ಯಾ ಅಲ್ಲಾ! ಮಾಸ್ತರ, ಇದು ಭಾಳ ಕೆಟ್ಟ ಜೋರ ಐತಿ. ವಾರಕ್ಕ ಒಂದs ದಮ್ಮ ಸಾಕು. ಹೆಚ್ಚಾದ್ರ ತಲಿ ನಿಮ್ಮ ಹೆಗಲ ಮ್ಯಾಲ ಇರಂಗಿಲ್ಲ.”

ಮಾಸ್ತರು ಅಂಜಿದರು. ಅವತ್ತಿನಿಂದ ವಾರಕ್ಕೊಂದು ಆಯಿತು, ಆಮೇಲೆ ತಿಂಗಳಿಗೊಂದು. ಮಳೆಗಾಲ ಮುಗಿಯುವ ಹೊತ್ತಿಗೆ ಬಂದು, ಚಿಲುಮಿಯನ್ನೇ ಒಡೆದು ಹಾಕಿದೆ ಅಂತ ಹೇಳಿದರು. ಕೆಮ್ಮು ಪೂರಾ ಹೋಗಿತ್ತು. ಅಬ್ಬಾ ಎದ್ದು ನಿಂತು ಅವರ ಎರಡೂ ಕೈ ಹಿಡಿದುಕೊಂಡರು.

“ಶಾಬ್ಬಾಸ್ ಮಾಸ್ತರ! ಹೆಂಗ ಬಿಟ್ರಿ ಅಷ್ಟ ಗಟ್ಟಿ ಮನಸ್ಸ ಮಾಡಿ?”

“ಬಿಡದs ಏನ ಮಾಡ್ಲಿ, ಸಾಬ್ರ? ಅದು ರಕ್ತದಾಗ ಇಳದಬಿಟ್ಟಿತ್ತು” ಅಂದರು ಮಾಸ್ತರು, ಭಯದಿಂದ ಕಣ್ಣು ಅರಳಿಸಿ. “ನಿನ್ನಿ ನಮ್ಮಾಕಿ ರೊಟ್ಟಿಗೆ ಪುದೀನಾ ಚಟ್ನಿ ಮಾಡಿದ್ಲು. ಎರಡ ತುತ್ತ ತಿಂದೇನಿ ನೋಡ್ರಿ, ಅದೂ ಏರಿತು!”