ಕಾಕಾನ ವಿಮಾನವೂ ವಕೀಲರ ಕೆಮ್ಮೂ

ಊರವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಿಡಾರ ಹೂಡಿವೆ. ಡೇರಿಯ ಸೆಕ್ರೆಟರಿ ಹಾಲಿಗೆ ನೀರು ಬೆರೆಸಿದವರನ್ನು ಬೈಯುವ ರೀತಿ, ನಮ್ಮವ್ವ ಬಸ್ ಕಂಡಕ್ಟರನೊಡನೆ ಮರಾಠಿಯಲ್ಲಿ ಜಗಳ ಶುರುಮಾಡಿ, ಸೋಲುವ ಹೊತ್ತಿಗೆ ಕನ್ನಡಕ್ಕೆ ಇಳಿಯುವ ರೀತಿ, ಎಲ್ಲವನ್ನೂ ತೆಗೆಯಬಲ್ಲೆ. ಬಾರದ್ದು ಒಂದೇ, ನನ್ನ ಸ್ವಂತ ದನಿ. ನಾನು ನಾನಾಗಿ ಮಾತಾಡಿದರೆ "ಇದ ಯಾರ ನಕಲಲೇ?" ಎಂದು ಕೇಳುತ್ತಾರೆ. ಇದನ್ನು ಹೊಗಳಿಕೆ ಎಂದುಕೊಂಡಿದ್ದೆನಲ್ಲ, ಆ ಪೆದ್ದತನದ ಕತೆಯಿದು.

ಮಹಾರಾಷ್ಟ್ರದ ಗಡಿಗೆ ಹತ್ತಿರದ ಉಗಾರ ಬುದ್ರುಕದ ಅಪ್ಪಾಸಾಬ ಕಾಕಾ ನಮ್ಮಪ್ಪನ ತಮ್ಮ. ಕಬ್ಬಿನ ಜೊತೆಗೆ ಕಾರು, ಪಂಪು ರಿಪೇರಿ. ತೊಂಬತ್ತರ ದಶಕದ ಆರಂಭದ ಒಂದು ವರ್ಷ, ಮದುಮಕ್ಕಳನ್ನು ಹೊತ್ತು ಹೊತ್ತೇ ಮುದಿಯಾಗಿದ್ದ ಟ್ಯಾಕ್ಸಿಯೊಂದನ್ನು ಕೊಂಡು, ಅದರ ಎಂಜಿನ್ ಬಿಚ್ಚಿ, ತಾನೇ ಕಟ್ಟಿದ ವಿಮಾನಕ್ಕೆ ಕೂಡಿಸಿಬಿಟ್ಟ. ಮೈಯೆಲ್ಲ ಕಬ್ಬಿಣದ ಪೈಪು, ರೆಕ್ಕೆ ತಾಡಪತ್ರಿಯದು, ಮುಂದಿನ ಫ್ಯಾನು ಬಡಿಗೇರ ಕೆತ್ತಿಕೊಟ್ಟ ಸಾಗವಾನಿಯದು. ನನಗೆ ವಿಮಾನದಿಂದ ತ್ರಾಸವಿರಲಿಲ್ಲ, ಅದರ ಕಾಗದಪತ್ರಗಳಿಂದ ಇತ್ತು. ಬಿ.ಎ. ಪಾಸಾದವನು ಮನೆಯಲ್ಲಿ ನಾನೊಬ್ಬನೇ. ಹಾಗಾಗಿ ನಟ್ಟು ಬೋಲ್ಟು ಅವನ ಪಾಲು, ಅರ್ಜಿ ನನ್ನ ಪಾಲು.

ಗಾಡಿ ಪಾಸು ಮಾಡುವ ಕಚೇರಿಯಲ್ಲಿ, "ಆರ್.ಸಿ. ಪುಸ್ತಕದಾಗಿನ ಎಂಜಿನ್ ಕಾರಿನಾಗ ಇಲ್ಲಂದ್ರ ಹೆಂಗ? ಗಾಡಿ ತಂದ ತೋರಸ್ರಿ" ಎಂದರು. ಕಾಕಾ ಕೇಳಿದ: "ಹಾರಿಸ್ಕೊಂಡ ಬರ್ಲೇನ್ರಿ?" ವಿಮಾನದ ಕಚೇರಿಗೆ ಬರೆದೆವು. ಈ ಎಂಜಿನ್ ವಿಮಾನಕ್ಕೆ ಯೋಗ್ಯವೆಂಬ ಪ್ರಮಾಣಪತ್ರ ಕಳಿಸಿ ಎಂದು ಉತ್ತರ ಬಂತು. ಕಾಕಾ ಅದೇ ಟ್ಯಾಕ್ಸಿಯ ಪುಸ್ತಕವನ್ನು ಝೆರಾಕ್ಸ್ ಮಾಡಿಸಿ, ಶಾಲೆಯ ಹೆಡ್‌ಮಾಸ್ತರರಿಂದ 'ಮೂಲ ಪ್ರತಿ ನೋಡಿದ್ದೇನೆ' ಎಂದು ಸಹಿ ಹಾಕಿಸಿ ಕಳಿಸಿದ. ಆ ಕಡೆಯವರು ಮತ್ತೆ ಬರೆಯಲಿಲ್ಲ. ಅವರ ತಪ್ಪೇನೂ ಇಲ್ಲ.

ಕೊನೆಗೆ ಚಿಕ್ಕೋಡಿಯ ವಕೀಲರು. ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು, ಆಮೇಲೆ ಒಂದು 'ಅರ್ಥಾತ್'. ಮೂರನೇ ಸಲ ಹೋದಾಗ ಅರ್ಧ ದಿನ ಬೆಂಚಿನ ಮೇಲೆ ಕೂಡಿಸಿ, "ಅರ್ಥಾತ್, ಕಾರಿನ ಸಾಹೇಬರು ಬಿಡೂದಿಲ್ಲ, ವಿಮಾನದ ಸಾಹೇಬರು ಒಪ್ಪೂದಿಲ್ಲ. ಹಾರಬ್ಯಾಡ ಅಂತ ಹೇಳ" ಎಂದು ಬಾಗಿಲಿಗೆ ಕೀಲಿ ಹಾಕಿ, ವಾರದ ಮಟ್ಟಿಗೆ ಮಗಳ ಊರಿಗೆ ಹೊರಟೇಬಿಟ್ಟರು. ಇಷ್ಟು ಹೇಳಲು ಮೂರು ಸಲವೇ? ನನ್ನ ತಲೆ ಕೆಟ್ಟಿತು. ಎಸ್‌ಟಿಡಿ ಬೂತಿಗೆ ನುಗ್ಗಿ, ಊರ ಡೇರಿಗೆ ಫೋನ್ ಹಚ್ಚಿ, ಕಾಕಾನನ್ನು ಕರೆಸಿ, ಕೆಮ್ಮಿ, "ಅರ್ಥಾತ್, ಮಂಜೂರ ಆತ್ರಿ ಅಪ್ಪಾಸಾಬ. ಹಾರ್ರಿ" ಎಂದೆ. ನಾನೆಂದು ಗೊತ್ತಾಗಿ ಬೈಯುತ್ತಾನೆ ಎಂದುಕೊಂಡಿದ್ದೆ. ಅವನು "ಉಪಕಾರ ಆತ್ರಿ ಸಾಹೇಬ್ರ" ಎಂದು ಫೋನ್ ಇಟ್ಟ.

ನಾನು ಬಸ್ಸಿಳಿಯುವ ಹೊತ್ತಿಗೆ ಹೊಲದಲ್ಲಿ ನಾಲ್ಕು ಸಾಲು ಕಬ್ಬು ನೆಲಕ್ಕೆ ಬಿದ್ದಿತ್ತು. ವಿಮಾನ ಓಡಲು ದಾರಿಯಂತೆ! ಉಳಿದದ್ದನ್ನು ಕಡಿಯಲು ಕಾಕಾ ನಾಳೆಗೆ ಆಳು ಹೇಳಿದ್ದಾನೆ. ಬದುವಿನ ಮೇಲೆ ಕಾಕಾನ ಹೆಂಡತಿ ಕಾಕೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಎಂಟ ತಿಂಗಳ ಕಬ್ಬಲೇ ಸುರ್ಯಾ! ಕಬ್ಬರ ಹ್ವಾದ್ರ ಹೋಗ್ಲಿ, ಈ ಮನಷ್ಯಾ ಮ್ಯಾಲಿಂದ ಬಿದ್ರ ನಾ ಯಾರ ಹಂತ್ಯಾಕ ಹೋಗಲಿ?"

ನಾನು ವಿಮಾನದ ಬಳಿ ಓಡಿದೆ. "ಕಾಕಾ, ಫೋನ್ ಮಾಡಿದ್ದು ನಾನು" ಎಂದೆ.

"ಸುಮ್ಮನಿರಲೇ."

ವಿಧಿಯಿಲ್ಲದೆ ಅಲ್ಲೇ ನಿಂತು ಕೆಮ್ಮಿ, 'ಅರ್ಥಾತ್' ಎಂದು ಇಡೀ ಮಾತನ್ನು ಮತ್ತೊಮ್ಮೆ ಒಪ್ಪಿಸಿದೆ. ಕಾಕಾ ಸ್ಪ್ಯಾನರ್ ಕೆಳಗಿಟ್ಟು, ಕಣ್ಣು ಮುಚ್ಚಿ, ಗಾಯನ ಕೇಳಿದ ಹಾಗೆ ಕೇಳಿದ. "ಚಲೋ ತಗದಿ. ಆದ್ರ ವಕೀಲರ ಕೆಮ್ಮ ಇನ್ನೂ ಆಳದಿಂದ ಬರತೈತಿ. ಮಧ್ಯಾಹ್ನ ಕೇಳೇನಲ್ಲ!"

ನನ್ನ ನಕಲಿಗೆ ನಾನೇ ಸೋತಿದ್ದೆ. ಮರುದಿನ ಮೊದಲ ಬಸ್ಸಿಗೆ ಹತ್ತಿರದ ಕಾಗವಾಡಕ್ಕೆ ಓಡಿ, ಬೂತಿನ ಬಾಗಿಲು ತೆಗೆಸಿ, ಮತ್ತೆ ಡೇರಿಗೆ ಫೋನ್ ಹಚ್ಚಿ ಕಾಕಾನನ್ನು ಕರೆಸಿ, ಹೊಟ್ಟೆಯಾಳದಿಂದ ಕೆಮ್ಮಿದೆ.

"ಅರ್ಥಾತ್, ಮಂಜೂರಿ ರದ್ದಾತ್ರಿ ಅಪ್ಪಾಸಾಬ. ಆ ಎಂಜಿನ್ ಕಾರಿಗಂತ ಪಾಸಾದದ್ದು."

"ಹಂಗಾರ ಕಾರ ಅಂತನ ಹಾರಸ್ತೀನ್ರಿ."

"ಯಾರದರ ಮನಿ ಮ್ಯಾಲ ಬಿದ್ರ ಇನ್ಶೂರೆನ್ಸಿನವರು ಹೊಳ್ಳಿ ನೋಡೂದಿಲ್ಲ."

"ನನ್ನ ಕಬ್ಬಿನಾಗನ ಬೀಳ್ತೀನ್ರಿ."

"ಗಾಳಿ ತಳ್ಳಿ ಮಹಾರಾಷ್ಟ್ರದಾಗ ಬಿದ್ರ? ಅಲ್ಲಿ ಕೋರ್ಟ ಬ್ಯಾರೆ, ವಕೀಲರೂ ಬ್ಯಾರೆ. ನಾ ಬರೂದಿಲ್ಲ."

ಸಾವಿಗೆ ಅಂಜದ ಮನುಷ್ಯ ಹೊಸ ವಕೀಲರಿಗೆ ಅಂಜಿದ. "ಬ್ಯಾಡ್ರಿ ಹಂಗಾರ" ಎಂದ. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಕೇಳಿದ: "ಒಂದ ಮಾತ ಸಾಹೇಬ್ರ. ನಿನ್ನೆ ಫೋನ್ ಮಾಡಿದ್ದು ನೀವಲ್ಲ, ತಾನು ಅಂತಾನ ನಮ್ಮ ಸುರ್ಯಾ. ಖರೇ ಏನ್ರಿ?"

ಹೌದೆಂದರೆ ಈ ಫೋನೂ ಸುಳ್ಳಾಗುತ್ತದೆ, ಕಬ್ಬು ಹೋಗುತ್ತದೆ, ಕಾಕಾನೂ ಹೋಗುತ್ತಾನೆ. ನನ್ನ ಜೀವಮಾನದ ವಿದ್ಯೆಯನ್ನು ಕಣ್ಣೆದುರು ತಂದುಕೊಂಡು, ಅದರ ಕುತ್ತಿಗೆ ಹಿಚುಕಿದೆ.

"ಅರ್ಥಾತ್, ಆ ಹುಡುಗಗ ಅಷ್ಟೆಲ್ಲಾ ಎಲ್ಲಿ ಬರತೈತ್ರಿ! ಕತ್ತೆ ಒದರಿದಂಗ ಒದರತಾನ."

"ನಾನೂ ಅದನ್ನ ಅಂದೆ ನೋಡ್ರಿ" ಎಂದ ಕಾಕಾ, ಬಹಳ ಖುಷಿಯಿಂದ.

ಎಂಜಿನ್ ಈಗ ಬಾವಿಯ ನೀರೆತ್ತುತ್ತಿದೆ. ವಕೀಲರು ಮಗಳ ಊರಿಂದ ಮರಳಿದ ಮೇಲೆ ಕಾಕಾ ಹೋಗಿ, ಹಾರದಂತೆ ತಡೆದು ಉಳಿಸಿದಿರಿ ಎಂದು ಕೈಮುಗಿದನಂತೆ. ಅವರು ಅದು ತಮಗೇ ಸಂದದ್ದೆಂದು ಕೆಮ್ಮಿದರಂತೆ. ನನ್ನ ಪಾಡೇನು? ಯಾವ ಮದುವೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡರೂ ಕಾಕಾ ಕೈಯೆತ್ತುತ್ತಾನೆ: "ಬಿಡ್ರಿ, ಇವಂಗ ಬರೂದಿಲ್ಲ. ಖುದ್ದ ವಕೀಲರ ಹೇಳ್ಯಾರ." ಎದ್ದು ಅಲ್ಲಗಳೆಯೋಣವೆಂದರೆ, ಹಾಗೆ ಹೇಳಿದ ವಕೀಲ ನಾನೇ.