ಸಂಡಿಗೆಗೆ ಹೊದಿಸಿದ ಪಂಚೆ

ನಮ್ಮ ಮನೆ ಹೊಕ್ಕ ಕೆಮ್ಮನ್ನು ಒಂದೇ ತಿಂಗಳಲ್ಲಿ ಗಡೀಪಾರು ಮಾಡುತ್ತೇನೆಂದು ನಾನು, ಡೊಂಬಿವಲಿಯ ಸರ್ವೋತ್ತಮ, ಡಾಕ್ಟರ ಎದುರೇ ಘೋಷಿಸಿದೆ! ಕೆಮ್ಮು ನನ್ನದಲ್ಲ, ಹೆಂಡತಿ ವಾರಿಜಾಳದು.

"ಇದು ದಮ್ಮಿನ ಶುರು. ವರ್ಷಗಟ್ಟಲೆ ಒಳಗೆ ಹೋದ ಹೊಗೆ, ಧೂಳಿನ ಕೆಲಸ. ಇನ್ನಾದರೂ ದೂರ ಇಡಿ. ಇಲ್ಲದಿದ್ದರೆ ಉಸಿರಿಗೆ ಎಳೆಯುವ ಈ ಪಂಪು ಕೊನೆತನಕ ಬಿಡುವುದಿಲ್ಲ" ಎಂದರು ಡಾಕ್ಟರು.

"ಹೊಗೆ ತಾನೇ? ನನಗೆ ಬಿಡಿ!" ಎಂದೆ. ಸಿಟ್ಟು ಬಂದರೆ ನನ್ನಷ್ಟು ಚುರುಕಿನವನು ಇಡೀ ಠಾಣೆ ಜಿಲ್ಲೆಯಲ್ಲಿಲ್ಲ.

ಮನೆಗೆ ಬಂದವನೇ ಅಗರಬತ್ತಿಯನ್ನು ಹೊರಗೆಸೆದೆ. ಸೊಳ್ಳೆ ಕಾಯಿಲ್, ರೂಮ್ ಸ್ಪ್ರೇ ಹಿಂದೆಯೇ ಹೋದವು. ಅಡುಗೆಮನೆಗೆ ನುಗ್ಗಿ ಒಗ್ಗರಣೆ ಸೌಟನ್ನೂ ಕಿತ್ತು ಅಟ್ಟಕ್ಕೇರಿಸಿದೆ.

"ಅದೆಂತಕ್ಕೆ?" ಎಂದಳು ವಾರಿಜಾ.

"ಮೆಣಸಿನ ಘಾಟು! ಇವತ್ತಿನಿಂದ ಈ ಮನೆಯಲ್ಲಿ ಒಗ್ಗರಣೆ ಬಂದ್!"

"ಒಗ್ಗರಣೆ ಇಲ್ಲದ ಸಾರು ಅಂದ್ರೆ ಬಿಸಿನೀರು ಅಲ್ವಾ ಮಾರಾಯ್ರೆ? ಉಡುಪಿಯವರು ಕೇಳಿದ್ರೆ ನಗ್ತಾರೆ."

"ನಗಲಿ! ನಿನ್ನ ಉಸಿರು ದೊಡ್ಡದು!"

ಇಷ್ಟಾದರೂ ಕೆಮ್ಮು ಜಗ್ಗಲಿಲ್ಲ. ನನಗೆ ರೇಗಿತು. ಮನೆಯೊಳಗೆ ಗಾಳಿಯೇ ಇಲ್ಲ, ಶುದ್ಧ ಗಾಳಿ ಬೇಕು ಎಂದು ತೀರ್ಮಾನಿಸಿ, ಬೆಳಕು ಹರಿಯುವ ಹೊತ್ತಿಗೇ ಅವಳನ್ನು ಟೆರೇಸಿಗೆ ಹತ್ತಿಸತೊಡಗಿದೆ. ಮಗಳು ಸುಮೇಧಾಳನ್ನೂ ಕರೆದೆ. "ಪಪ್ಪಾ, ಸೋನೇ ದೋ ನಾ!" ಎಂದು ಹೊದಿಕೆ ಎಳೆದುಕೊಂಡಳು. ಸೋಮಾರಿ!

ಟೆರೇಸಿನ ಮೇಲೆ ಚಾಪೆ, ಪದ್ಮಾಸನ, ಪ್ರಾಣಾಯಾಮ. ಮೂಗಿಗೆ ಏನೋ ಹುಳಿಹುಳಿ ವಾಸನೆ ಬಡಿಯುತ್ತಿತ್ತು. ಡೊಂಬಿವಲಿಯಲ್ಲಿ ಇಪ್ಪತ್ತು ವರ್ಷ ಇದ್ದವನಿಗೆ ಅದು ವಾಸನೆಯೇ ಅಲ್ಲ.

"ಆಳವಾಗಿ ಎಳಿ!" ಎಂದು ಗದರಿದೆ.

"ಎಳೆದ್ರೆ ಕೆಮ್ಮು ಜಾಸ್ತಿ ಆಗ್ತದೆ."

"ನೆವ ಬೇಡ! ಹೊಟ್ಟೆತನಕ ಎಳಿ!"

ಹೇಗೂ ಮೇಲೆ ಬರುತ್ತೇವಲ್ಲ ಎಂದು ಅವಳು ಒಂದು ದಿನ ಚಾಪೆಯ ಪಕ್ಕದಲ್ಲೇ ಸಾಬಕ್ಕಿ ಸಂಡಿಗೆ ಹಾಕಿದಳು. ಕರಿದ ತಿಂಡಿಗೆ ನಾನೇ ನಿಷೇಧ ಹೇರಿದ್ದೆ, ನಿಜ. ಆದರೆ ಸಂಡಿಗೆ ಕಂಡರೆ ಕಾನೂನು ಸ್ವಲ್ಪ ಸಡಿಲವಾಗುತ್ತದೆ. ಧೂಳು ಕೂರಬಾರದೆಂದು ಪೂಜೆಗೆಂದೇ ಇಟ್ಟಿದ್ದ ನನ್ನ ಹೊಸ ಬಿಳಿ ಪಂಚೆಯನ್ನು ತಂದು ನಾನೇ ಹೊದಿಸಿದೆ. ಗಾಳಿಗೆ ಹಾರದಂತೆ ನಾಲ್ಕೂ ಮೂಲೆಗೆ ಕಲ್ಲಿಟ್ಟೆ. ತಾಯಿ ಮಗುವಿಗೂ ಅಷ್ಟು ಜತನದಿಂದ ಹೊದಿಸುವುದಿಲ್ಲ!

ಸಂಡಿಗೆ ಒಣಗಿದ ದಿನ ಪಂಚೆ ಎತ್ತಿದೆ. ಅಯ್ಯೋ ದೇವರೇ! ಬಿಳಿ ಪಂಚೆ ಬೂದಿ ಬಣ್ಣಕ್ಕೆ ತಿರುಗಿತ್ತು, ಮೇಲೆಲ್ಲ ಕರಿ ಚುಕ್ಕೆ, ಅಲ್ಲಲ್ಲಿ ಹಳದಿ ಕಲೆ. ಒರೆಸಿದರೆ ಬೆರಳು ಜಿಡ್ಡಾಯಿತು.

ಸಿಟ್ಟು ನೆತ್ತಿಗೇರಿತು! ಪಂಚೆಯನ್ನು ಬಾವುಟದಂತೆ ಹಿಡಿದು ಧಡಧಡ ಇಳಿದು, ಸೊಸೈಟಿ ಸೆಕ್ರೆಟರಿ, ವಿಜಯಪುರದ ಗುರುನಾಥರ ಬಾಗಿಲು ಬಡಿದೆ. ವಾರಿಜಾ ಏದುಸಿರು ಬಿಡುತ್ತ ಹಿಂದೆಯೇ ಬಂದಳು.

"ಏನ್ರೀ ಇದು? ಟೆರೇಸಿನಲ್ಲಿ ಯಾರು ಕಸ ಸುಡುತ್ತಿದ್ದಾರೆ?"

ಗುರುನಾಥರು ಪಂಚೆ ನೋಡಿ ನಕ್ಕರು. "ಯಾರೂ ಸುಡಂಗಿಲ್ರಿ. ಹಿಂದ ಕಾರ್ಖಾನಿ ಅದಾವಲ್ಲ, ರಾತ್ರಿಯೆಲ್ಲ ಹೊಗಿ ಬಿಡ್ತಾವ. ಮುಂಜಾನೆ ಅದೆಲ್ಲ ಕೆಳಗ ಕೂಡ್ತೈತಿ. ನಾವು ಬಿಸಿಲು ಏರೂತನಕ ಕಿಡಕಿ ಸುದ್ದಾ ತಗಿಯಂಗಿಲ್ಲ. ಎಷ್ಟ್ ಕಂಪ್ಲೇಂಟ್ ಕೊಟ್ರೂ ಅಷ್ಟೇ ನೋಡ್ರಿ."

"ಅಷ್ಟೇ? ಅಷ್ಟೇ ಅಂದರೇನ್ರೀ! ಇದು ಗಾಳಿಯಾ, ವಿಷವಾ? ಕೇಳುವವರೇ ಇಲ್ಲವಾ? ನನ್ನ ಸಂಡಿಗೆ ಗತಿ ಏನಾಗಬೇಕಿತ್ತು! ಪುಣ್ಯ, ಪಂಚೆ ಹೊದಿಸಿದ್ದೆ!"

ಹಿಂದಿನಿಂದ ಕೆಮ್ಮು ಕೇಳಿಸಿತು. ಪಂಪು ಎಳೆದುಕೊಂಡು, ಉಸಿರು ಕೂಡಿಬಂದ ಮೇಲೆ ವಾರಿಜಾ ಮೆಲ್ಲಗೆ ಹೇಳಿದಳು:

"ಸಂಡಿಗೆಗೆ ಪಂಚೆ ಹೊದಿಸಿದ್ರಿ. ಅದರ ಪಕ್ಕದಲ್ಲೇ ನನ್ನನ್ನು ಕೂರಿಸಿ, ಹೊಟ್ಟೆತನಕ ಎಳಿ ಅಂದ್ರಿ ಅಲ್ವಾ ಮಾರಾಯ್ರೆ?"

ಕಾರ್ಖಾನೆಯ ಮೇಲಿನ ಸಿಟ್ಟು ಈಗಲೂ ಇಳಿದಿಲ್ಲ, ಇಳಿಯಬಾರದು. ಆದರೆ ಆಗ ಪಂಚೆಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡೆ. ಮನೆಗೆ ಬಂದು ಕಿಟಕಿ ಮುಚ್ಚಿದೆ, ಅಟ್ಟದಿಂದ ಒಗ್ಗರಣೆ ಸೌಟು ಇಳಿಸಿ ಅವಳ ಕೈಗೆ ಕೊಟ್ಟೆ.

ಅವಳು ಅದನ್ನು ನನ್ನ ಕೈಗೇ ತುರುಕಿದಳು. "ಘಾಟು ನನಗೆ ಆಗುದಿಲ್ಲ ಅಂತ ನೀವೇ ಹೇಳಿದ್ದು. ಇನ್ನು ಒಗ್ಗರಣೆ ನಿಮ್ದೇ."

ಎಣ್ಣೆಗೆ ಮೆಣಸು ಬಿತ್ತು. ಗಂಟಲು ಹಿಡಿದುಕೊಂಡು ನಾನು ಕೆಮ್ಮತೊಡಗಿದೆ. ಹೊರಗಿನ ಕೋಣೆಯಿಂದ ವಾರಿಜಾಳ ದನಿ ಬಂತು:

"ಆಳವಾಗಿ ಎಳೀರಿ!"